ಬಾಯಲ್ಲಿ ಗುಂಡುಸೂಜಿ

ಟೈಲರಮ್ಮನ ಬಾಯಲ್ಲಿ ಸದಾ ನಾಲ್ಕಾರು ಗುಂಡುಸೂಜಿ. ಎರಡೂ ಕೈ ಬಟ್ಟೆ ಹಿಡಿದಿರುವಾಗ ಸೂಜಿ ಇಡಲು ತುಟಿಗಿಂತ ಹತ್ತಿರದ ಜಾಗ ಇನ್ನೆಲ್ಲಿ? ಹಾಗಾಗಿ ಗಿರಾಕಿಗಳು ಏನು ಕೇಳಿದರೂ ಒಂದೇ ಉತ್ತರ: "ಮ್ಮ್." ಗಿಡ್ಡ ಮ್ಮ್ ಎಂದರೆ ಹೌದು, ಉದ್ದದ್ದು ಎಂದರೆ ನಾಳೆ ಬನ್ನಿ.

ಹೊಲಿಗೆ ಮಿಷನ್ ಪಕ್ಕದ ಬುಟ್ಟಿಯಲ್ಲಿ ಒಂಬತ್ತು ತಿಂಗಳ ಪುಟ್ಟಿ. ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ. "ನಮ್ಮ ಪುಟ್ಟಿ ಬಂಗಾರ. ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ" ಎಂದು ಅತ್ತೆ ಕಂಡಕಂಡವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಟೈಲರಮ್ಮನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಎದುರುಮನೆ ಕೂಸು ಬೆಳಗಾದರೆ ದದ, ಬಬ ಎಂದು ಬೀದಿಯನ್ನೇ ಎಬ್ಬಿಸುತ್ತಿತ್ತು. ತನ್ನದು ಬಾಯೇ ಬಿಡದು. ಯಾರನ್ನಾದರೂ ಕೇಳೋಣವೆಂದರೆ, ತನ್ನನ್ನೇ ದೂರಿಯಾರೆಂಬ ಭಯ.

ಒಂದು ದಿನ ನರ್ಸಮ್ಮ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಕೋಟು ತೊಟ್ಟು, ತೋಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತ ಕೈ ಚಾಚಿ ನಿಂತಲ್ಲಿಂದಲೇ ಬುಟ್ಟಿಯತ್ತ ಬಗ್ಗಿ, "ಏನಮ್ಮ ಪುಟ್ಟಿ, ನನ್ನ ಕೋಟು ಇವತ್ತೇ ಸಿಗುತ್ತಾ?" ಎಂದರು.

ಪುಟ್ಟಿ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, "ಮ್ಮ್ಮ್ಮ್" ಎಂದಳು.

ನರ್ಸಮ್ಮ ನಕ್ಕ ರಭಸಕ್ಕೆ ಸೂಜಿ ಅವರ ಕೈಗೇ ಚುಚ್ಚಿತು. "ಇವಳೂ ನಾಳೆ ಬಾ ಅಂತಿದ್ದಾಳಲ್ಲೇ."

ಟೈಲರಮ್ಮ ನಗಲಿಲ್ಲ. ಸೂಜಿಗಳನ್ನೆಲ್ಲ ಬಾಯಿಂದ ತೆಗೆದಳು. "ಅಕ್ಕಾ, ಇವಳು ಇದು ಬಿಟ್ಟು ಬೇರೇನೂ ಅನ್ನಲ್ಲ. ನನ್ನಿಂದಾನೇ ಹೀಗಾಯ್ತಾ?"

"ಮೊದಲು ಕಿವಿ ಪರೀಕ್ಷೆ ಮಾಡಿಸ್ಕೊಂಡು ಬಾ. ಆಮೇಲೆ ಭಯ ಬಿಡು. ಮಕ್ಕಳು ನಮ್ಮ ಮುಖ ನೋಡಿ ಕಲೀತವೆ. ನೀನು ಹೇಳಿಕೊಟ್ಟ ಪಾಠ ಇವಳು ಚೆನ್ನಾಗೇ ಒಪ್ಪಿಸಿದ್ದಾಳೆ. ಇನ್ನು ಪಾಠ ಬದಲಾಯಿಸು."

ಟೀವಿ ಮುಂದಿನಿಂದ ಎದ್ದುಬಂದ ಅತ್ತೆಗೆ ಇದು ಸರಿಬರಲಿಲ್ಲ. "ಮಾತೇ ಬರದ ಕೂಸಿನ ಹತ್ರ ಏನಂತ ಮಾತಾಡೋದು?"

"ಟೀವಿಯೊಳಗಿನ ಸೊಸೆಯನ್ನ ದಿನಾ ಬೈತೀರಲ್ಲಮ್ಮ, ಅವಳು ತಿರುಗಿ ಮಾತಾಡ್ತಾಳಾ? ಇವಳು ಆಡ್ತಾಳೆ. ನೀವೊಂದು ಮಾತಾಡಿ ಕಾಯಿರಿ. ನಕ್ಕರೂ ಉತ್ತರಾನೇ, ಕೈ ಬೀಸಿದರೂ ಉತ್ತರಾನೇ. ಅದಕ್ಕೆ ಮತ್ತೆ ಮಾತು ಸೇರಿಸಿ. ಅಮ್ಮ ನನ್ನ ಕಡೆ ನೋಡ್ತಾಳೆ ಅನ್ನೋ ಧೈರ್ಯದಲ್ಲೇ ಮಗುವಿನ ಮನಸ್ಸು ಬೆಳೆಯೋದು."

ಆಸ್ಪತ್ರೆಯಲ್ಲಿ ಕಿವಿ ಸರಿಯಿದೆ ಎಂದರು. ಟೈಲರಮ್ಮ ಚಿಂದಿ ಬಟ್ಟೆ ತುಂಬಿ ಪುಟ್ಟ ದಿಂಬು ಹೊಲಿದು, ಮಣಿಕಟ್ಟಿಗೆ ಕಟ್ಟಿಕೊಂಡು, ಸೂಜಿಗಳನ್ನು ಅದಕ್ಕೆ ಚುಚ್ಚಿದಳು. "ಈಗ ತೋಳು ಜೋಡಿಸ್ತೀನಿ ಕಣೇ. ಕೆಂಪು ಗುಂಡಿ ಹಾಕಲೋ, ನೀಲಿಯೋ?" ಎಂದು ಕೇಳಿ ಕಾದಳು. ಮೊದಮೊದಲು ಪುಟ್ಟಿ ಪಿಳಿಪಿಳಿ ನೋಡಿದ್ದೇ ಬಂತು. ಟೈಲರಮ್ಮನಿಗೆ ನಾಚಿಕೆ, ಗಿರಾಕಿಗಳಿಗೆ, ಇವಳಿಗೇನಾಯಿತೆಂದು ಗಾಬರಿ. ಆದರೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಬುಟ್ಟಿಯಿಂದ ಕೇಳಿಸಿತು: "ದ. ದದದ."

ಮಿಷನ್ ಮೇಲಿನ ಕಾಲು ನಿಂತಿತು. ಟೈಲರಮ್ಮನ ಕಣ್ಣು ತುಂಬಿ ಬಂತು. ಒಳಗಿದ್ದ ಅತ್ತೆ ಟೀವಿ ಆರಿಸಿ ಓಡಿಬಂದು, ಉತ್ತರ ಕೊಡಹೊರಟ ಸೊಸೆಯನ್ನು ತಡೆದರು. "ಸುಮ್ಮನಿರು, ಅವಳು ನನ್ನ ಜೊತೆ ಮಾತಾಡ್ತಿದ್ದಾಳೆ."

ಕೋಟು ಒಯ್ಯಲು ಬಂದ ನರ್ಸಮ್ಮ ನೋಡಿದರೆ ಮೂವರದೂ ಮಾತೇ ಮಾತು. ಕೋಟಿನ ತೋಳು ಮಾತ್ರ ಇನ್ನೂ ಗಿಡ್ಡ ಆಗಿರಲಿಲ್ಲ.

ನಿಮ್ಮ ಬಾಯಲ್ಲಿ ಗುಂಡುಸೂಜಿ ಇಲ್ಲದಿರಬಹುದು. ಕೈಯಲ್ಲಿ ಫೋನಿರಬಹುದು, ತಲೆಯಲ್ಲಿ ನೂರು ಕೆಲಸವಿರಬಹುದು. ಒಂದು ಗಳಿಗೆ ಇಳಿಸಿಡಿ. ಮಗುವಿನ ಮುಖ ನೋಡಿ ಒಂದು ಮಾತಾಡಿ, ಅದರ ಸರದಿಗೆ ಕಾಯಿರಿ. ಮಗು ದನಿಗೆ ತಿರುಗದಿದ್ದರೆ, ಸದ್ದೇ ಮಾಡದಿದ್ದರೆ, ಯಾರು ಏನಂದಾರೋ ಎಂದು ಹಿಂಜರಿಯದೆ ಆಸ್ಪತ್ರೆಗೆ ತೋರಿಸಿ. ಕೆಲಸ ನಾಳೆಗೂ ಇರುತ್ತದೆ. ನಿಮ್ಮ ಕಡೆ ನೋಡುತ್ತಿರುವ ಕೂಸಿಗೆ ಮಾತ್ರ ನಾಳೆ ಬಾ ಎನ್ನಬೇಡಿ.