ಪರದೆಯ ಈಚೆ ಹನ್ನೊಂದು ನಿಮಿಷ

ಅರ್ಜಿಯಲ್ಲಿ ‘ಕಿವುಡಿ’ ಎಂದು ಬರೆದಾಗಲೆಲ್ಲ ನನಗೆ ಪರೀಕ್ಷೆಗೆ ಕರೆಯೇ ಬರುತ್ತಿರಲಿಲ್ಲ. ನಾಲ್ಕು ವಾದ್ಯವೃಂದಗಳಿಗೆ ಬರೆದಿದ್ದೆ, ಒಂದರಿಂದಲೂ ಉತ್ತರವಿಲ್ಲ. ಐದನೆಯ ಅರ್ಜಿ ತುಂಬುವಾಗ ಅಕ್ಕ ಆ ಮಾತನ್ನು ಬಿಟ್ಟೇಬಿಟ್ಟಳು. “ಕಿವಿ ಬಗ್ಗೆ ಅವರು ಕೇಳೇ ಇಲ್ಲ. ನಾವ್ಯಾಕೆ ಮೇಲೆ ಬಿದ್ದು ಹೇಳ್ಬೇಕು?” ಎಂದಳು. ಈ ವೃಂದದಲ್ಲಿ ಪರೀಕ್ಷೆ ಪರದೆಯ ಹಿಂದೆ. ನುಡಿಸುವವರ ಮುಖ ಕಾಣಬಾರದು, ಹೆಸರಿಲ್ಲ, ನಂಬರಷ್ಟೇ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಏಳನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಿವಿ ಹೋಯಿತು. ಮಾತು ಉಳಿಯಿತು, ಹಟವೂ ಉಳಿಯಿತು. ನಾನು ನುಡಿಸುವುದು ಟಿಂಪನಿ: ಹಂಡೆಯಂಥ ನಾಲ್ಕು ತಾಮ್ರದ ಡ್ರಮ್ಮುಗಳು, ಪೆಡಲ್ ಒತ್ತಿದರೆ ಶ್ರುತಿ ಏರುತ್ತದೆ. ತಗ್ಗಿನ ಸ್ವರ ನನ್ನ ಮೀನಖಂಡದಲ್ಲಿ ಗುಂಯ್‌ಗುಡುತ್ತದೆ, ಮೇಲಿನದು ಕೆನ್ನೆಯ ಮೂಳೆಯಲ್ಲಿ. ಹದಿನೆಂಟು ವರ್ಷ ಬರಿಗಾಲಲ್ಲಿ ನಿಂತು ಕಲಿತದ್ದು. ‘ಕಿವುಡಿಗ್ಯಾಕೆ ಸಂಗೀತ’ ಎನ್ನುವವರ ಬಾಯಿ ಓದಿ ಓದಿ ಸಾಕಾಗಿದೆ. ಅವರಲ್ಲಿ ಒಬ್ಬರಿಗೂ ಶ್ರುತಿ ಸೇರಿಸಲು ಬರುವುದಿಲ್ಲ.

ಪರೀಕ್ಷೆಯ ದಿನ ಕಚೇರಿಯ ಹೆಂಗಸು ಅಕ್ಕನನ್ನು ಬಾಗಿಲಲ್ಲೇ ತಡೆದಳು. “ಒಬ್ರೇ ಹೋಗ್ಬೇಕು. ಒಳಗೆ ಮಾತಾಡೋ ಹಾಗಿಲ್ಲ, ದನಿ ಗುರುತು ಸಿಕ್ಬಿಡುತ್ತೆ.” ವೇದಿಕೆ ಹತ್ತಿದರೆ ನೆಲಕ್ಕೆ ದಪ್ಪ ಜಮಖಾನ. ಹೆಜ್ಜೆ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದಂತೆ. ನನ್ನ ಪಾಲಿಗೆ ಅದು ಕಿವಿಗೆ ಹತ್ತಿ ತುರುಕಿದ ಹಾಗೆ. ಸಿಟ್ಟು ನೆತ್ತಿಗೇರಿತು. ಹಿಂದೆಮುಂದೆ ನೋಡದೆ ಜಮಖಾನ ಸುತ್ತಿ ಬದಿಗೊತ್ತಿ, ಚಪ್ಪಲಿ ಬಿಟ್ಟು ನಿಂತೆ. ಕೆಳಗೆ ಒಳ್ಳೆಯ ಹಳೇ ಮರದ ಹಲಗೆ. ಡ್ರಮ್ಮನ್ನು ಬೆರಳಿಂದ ತಟ್ಟಿದೆ, ಅಂಗಾಲಿಗೆ ಗೊತ್ತಾಯಿತು.

ಶುರು ಮಾಡಿದೆ. ಮೊದಲು ಪಿಸುಮಾತಿನಷ್ಟು ಮೆಲ್ಲಗೆ, ಆಮೇಲೆ ಹಲಗೆ ಸಮೇತ ಮೊಣಕಾಲು ನಡುಗುವಷ್ಟು ಜೋರಾಗಿ. ಪುಟದ ಮೇಲೆ ಪುಟ ತಿರುವಿದೆ. ಖುಷಿಗೆ ಮೈಯೆಲ್ಲ ಕುಣಿಯುತ್ತಿತ್ತು. ಅಷ್ಟು ಚೆನ್ನಾಗಿ ಜನ್ಮದಲ್ಲಿ ನುಡಿಸಿರಲಿಲ್ಲ, ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಹನ್ನೊಂದನೇ ನಿಮಿಷಕ್ಕೆ ಪರದೆ ಪೂರ್ತಿ ಸರಿಯಿತು. ಎಳೆದವರು ವೃಂದದ ನಿರ್ದೇಶಕರು, ಮುಖ ಕೆಂಪಗೆ. ಅವರ ಹಿಂದೆ ಐದು ಜನ ಪರೀಕ್ಷಕರು.

“ಎರಡೇ ನಿಮಿಷಕ್ಕೆ ಸಾಕು ಅಂದ್ವಿ. ಗಂಟೆ ಹೊಡೆದ್ವಿ. ಮೂರು ಸಲ ಕೂಗಿದ್ವಿ. ನಿಮಗೇನು ಕಿವಿ ಕೇಳ್ಸಲ್ವಾ?”

“ಇಲ್ಲ ಸರ್, ಕೇಳ್ಸಲ್ಲ.”

ಐದೂ ಜನ ಮುಖ ಮುಖ ನೋಡಿಕೊಂಡರು. ಆ ನೋಟ ನನಗೆ ಗೊತ್ತು, ಕೆಲಸ ಕೈತಪ್ಪುವಾಗ ಜನ ಹಾಗೇ ನೋಡಿಕೊಳ್ಳುತ್ತಾರೆ. ನಿರ್ದೇಶಕರು ಮಾತ್ರ ನನ್ನ ಬರಿಗಾಲನ್ನೇ ನೋಡುತ್ತಿದ್ದರು.

“ನುಡಿಸೋದರಲ್ಲಿ ತಕರಾರಿಲ್ಲ,” ಎಂದರು. “ನಿಲ್ಲಿಸಿ ಅಂದಾಗ ನಿಲ್ಲಿಸ್ದೇ ಹೋದ್ರೆ ಎಂಬತ್ತು ಜನರ ಮಧ್ಯೆ ನಿಮ್ಮನ್ನ ಹೇಗೆ ಇಟ್ಕೊಳ್ಲಿ?”

“ಕಾರ್ಯಕ್ರಮದಲ್ಲಿ ನೀವು ಬಾಯಲ್ಲಿ ಕೂಗ್ತೀರಾ ಸರ್? ಕೈಯಲ್ಲಿ ತಾನೆ ಹೇಳೋದು? ಆ ಕೈಗೆ ಪರದೆ ಹಾಕಿದ್ದು ನೀವೇ.”

ಅವರು ಕೈ ಎತ್ತಿದರು. ನಾನು ಕೋಲು ಎತ್ತಿದೆ. ಅವರು ಏರಿಸಿದರು, ಏರಿದೆ. ಇಳಿಸಿದರು, ಇಳಿದೆ. ನಿಲ್ಲಿಸು ಎಂಬಂತೆ ಮುಷ್ಟಿ ಕಟ್ಟಲು ಹೋಗಿ ಕಟ್ಟದೆ ಬಿಟ್ಟರು, ನನ್ನನ್ನು ಬೀಳಿಸಲೆಂದೇ. ನಾನು ಬೀಳಲಿಲ್ಲ. ನನಗೆ ನಗು ಬಂತು, ಅವರಿಗೂ ಬಂತು. ಕೊನೆಗೆ ಕಿರುಬೆರಳು ಮಡಚಿದ್ದಷ್ಟೇ, ನನ್ನ ಎರಡೂ ಅಂಗೈ ಡ್ರಮ್ಮಿನ ಮೇಲೆ ಬಿದ್ದು ನಡುಕ ಅಲ್ಲೇ ನಿಂತಿತು. ಪರೀಕ್ಷಕರಲ್ಲಿ ವಯಸ್ಸಾದವರೊಬ್ಬರು ಎದ್ದೇ ನಿಂತರು.

ನಿರ್ದೇಶಕರು ಪರೀಕ್ಷಕರ ಕಡೆ ತಿರುಗಿ ಏನೋ ಮಾತಾಡಿದರು. ನನಗೆ ಕಂಡದ್ದು ಬೆನ್ನು, ಬೆನ್ನು ಓದಲು ನನಗೆ ಬರುವುದಿಲ್ಲ. ಆಮೇಲೆ ನನ್ನೆದುರು ಬಂದು, ಬಾಯಿ ಸರಿಯಾಗಿ ಕಾಣುವಂತೆ ನಿಂತು, “ಸೋಮವಾರ ಹತ್ತು ಗಂಟೆಗೆ ಅಭ್ಯಾಸಕ್ಕೆ ಬನ್ನಿ. ಕೆಲಸ ನಿಮ್ಮದು” ಎಂದರು.

ಒಂದೊಂದು ಅಕ್ಷರವೂ ನನಗೆ ತಿಳಿದಿತ್ತು.

“ಗೊತ್ತಾಗ್ಲಿಲ್ಲ ಸರ್,” ಎಂದೆ. “ಇನ್ನೊಂದು ಸಲ ಹೇಳಿ.”