ಎಪ್ಸಿಲಾನ್ ಮತ್ತು ಮಾವನ ಸುಣ್ಣದ ಗೆರೆ

ಮಧ್ಯಾಹ್ನ ಕಳೆಯುತ್ತಲೇ ಅಂಗಳದ ಕಲ್ಲುಕಂಬದ ನೆರಳು ಮೂಡಣ ಗೋಡೆಯ ಕಡೆಗೆ ಉದ್ದವಾಗತೊಡಗುತ್ತಿತ್ತು. ಅದರ ದಾರಿಗೆ ಅಡ್ಡವಾಗಿ ಒಂದು ಸುಣ್ಣದ ಗೆರೆ. ಎಲೆಅಡಿಕೆಯ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಅದನ್ನು ಎಳೆದವರು ನನ್ನ ಸೋದರಮಾವ ಚನವೀರಪ್ಪನವರು. ಗಡಿಯಾರವನ್ನು ಅವರು ನಂಬುತ್ತಿರಲಿಲ್ಲ. ಅದಕ್ಕೆ ಕೀಲಿ ಕೊಡುವವರು ಮನುಷ್ಯರೇ ಅಲ್ಲವೇ ಎನ್ನುತ್ತಿದ್ದರು. ನೆರಳು ಗೆರೆ ಮುಟ್ಟುವುದರೊಳಗೆ ನಾನು ಕಾಲೇಜಿನಿಂದ ಮನೆ ಸೇರಿರಬೇಕಿತ್ತು.

ನಮ್ಮೂರಲ್ಲಿ ಕಾಲೇಜು ಇಲ್ಲವೆಂದು ಅವ್ವ ನನ್ನನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. "ತಂಗಿ ಮಗಳು. ಹೆಚ್ಚುಕಮ್ಮಿ ಆದ್ರ ನಾ ಯಾರಿಗೆ ಮಾರಿ ತೋರಿಸ್ಲಿ?" ಎಂಬುದು ಮಾವನ ದಿನನಿತ್ಯದ ಜಪ. ನಾನು ತಡವಾಗಿ ಬಂದರೆ ಗೆರೆ ಕಂಬದ ಕಡೆಗೆ ಒಂದು ಗೇಣು ಸರಿಯುತ್ತಿತ್ತು. ಬೇಗ ಬಂದರೂ ಸರಿಯುತ್ತಿತ್ತು! "ನಿನ್ನೆ ಬಂದೀ ಅಂದ್ರ ಬರಾಕ ಆಗ್ತೈತಿ ಅಂದಂಗಾತು" ಎಂದು ತರ್ಕ ಬೇರೆ. ಒಂದು ವಾರವಂತೂ, "ಇನ್ನೊಮ್ಮೆ ಗೆರಿ ದಾಟಿದ್ರ ಕಾಲೇಜ್ ಬಂದ್. ಗಂಟು ಕಟ್ಟಿ ಊರಿಗೆ ನಡಿ" ಎಂದುಬಿಟ್ಟಿದ್ದರು. ಗಣಿತವೆಂದರೆ ಜೀವ ಬಿಡುತ್ತಿದ್ದವಳು ನಾನು. ಊರಿಗೆ ಹೋದರೆ ನನಗೆ ಅಲ್ಲಿ ಏನಿತ್ತು?

ಮನೆಯಲ್ಲಿ ಗೆರೆ ಕಾಡಿದರೆ, ಕಾಲೇಜಿನಲ್ಲಿ ಕಾಡಿದ್ದು ಗಣಿತದ ಲಿಮಿಟ್ಟಿನ, ಅಂದರೆ ಒಂದು ಬೆಲೆಯ ಹತ್ತಿರ ಹತ್ತಿರ ಸಾಗುವುದರ, ವ್ಯಾಖ್ಯೆ. ಪ್ರತಿಯೊಂದು ಎಪ್ಸಿಲಾನಿಗೂ ಒಂದು ಡೆಲ್ಟಾ ಇರುತ್ತದೆ ಎಂದು ಶುರುವಾಗುವ ಆ ಉದ್ದನೆಯ ವಾಕ್ಯ ಬಾಯಿಪಾಠವಾಗಿತ್ತು, ತಲೆಗೆ ಮಾತ್ರ ಇಳಿದಿರಲಿಲ್ಲ. ಅದೇ ವಾರ ಒಂದು ದಿನ ತರಗತಿ ಮುಗಿದ ಮೇಲೆ ನಮಗೆ ಗಣಿತ ಕಲಿಸುತ್ತಿದ್ದ ಕುಮುದಾ ಬಾಯಾರು ನನ್ನನ್ನು ಹಲಗೆಯ ಮುಂದೆ ನಿಲ್ಲಿಸಿಕೊಂಡರು.

"ಎಕ್ಸ್ ಮೂರರ ಹತ್ತಿರ ಬಂದ್ರ, ಅದರ ಎರಡರಷ್ಟು ಆರರ ಹತ್ತಿರ ಬರ್ತೈತಿ. ಖರೇ ಅಂತ ತೋರಿಸು."

"ಡೆಲ್ಟಾ ಸಾವಿರದಾಗ ಒಂದು ಪಾಲು ಇಡ್ತೀನ್ರಿ. ಎಕ್ಸ್ ಮೂರರಿಂದ ಅದಕ್ಕಿಂತ ದೂರ ಹೋಗಂಗಿಲ್ಲ."

ಬಾಯಾರು ನಕ್ಕರು. "ಹುಚ್ಚಿ, ನಾ ಇನ್ನೂ ಏನೂ ಕೇಳೇ ಇಲ್ಲ, ಆಗಲೇ ಕೊಟ್ಟುಬಿಟ್ಟಿ? ಉತ್ತರ ಆರರಿಂದ ಲಕ್ಷದಾಗ ಒಂದು ಪಾಲಿಗಿಂತ ಆಚೆ ಹೋಗಬಾರದು ಅಂತ ನಾ ಅಂದ್ರ?"

ನನ್ನ ಡೆಲ್ಟಾ ಸಾಲದಾಯಿತು. ಇನ್ನೂ ಚಿಕ್ಕದು ಹೇಳಿದೆ. ಅವರು ಅದನ್ನೂ ಮೀರಿಸಿ ಕೇಳಿದರು. ಬೆವತುಹೋದೆ. ಮನೆಯಲ್ಲಿ ನನಗೆ ಅದೇ ರೂಢಿಯಾಗಿತ್ತು ನೋಡಿ: ಕೇಳುವ ಮೊದಲೇ ಮುದುಡಿಕೊಳ್ಳುವುದು, ಎಷ್ಟು ಮುದುಡಿಕೊಂಡರೂ ಸಾಲದಿರುವುದು.

"ಮೊದಲ ಕೇಳೋರು ಕೇಳ್ಲಿ," ಎಂದರು ಬಾಯಾರು. "ಉತ್ತರ ಎಷ್ಟು ಆಚೀಚೆ ಆದ್ರ ನಡೀತೈತಿ ಅನ್ನೋದು ಅವರ ಕರಾರು. ಅದs ಎಪ್ಸಿಲಾನ್. ಅದನ್ನ ಕಿವಿಗೊಟ್ಟು ಕೇಳಿ, ಆಮ್ಯಾಲೆ ನಿನ್ನ ಡೆಲ್ಟಾ ಹೇಳು. ಒಂದೊಂದಕ್ಕ ಒಂದೊಂದು ಹುಡುಕಬ್ಯಾಡ. ಎಲ್ಲಾ ಕರಾರಿಗೂ ಸಲ್ಲೋ ಹಂಥಾ ಒಂದು ಮಾತು ಐತಿ."

ಹಲಗೆಯನ್ನೇ ನೋಡುತ್ತ ನಿಂತೆ. ಎಕ್ಸ್ ಎಷ್ಟು ಸರಿಯುತ್ತದೋ, ಉತ್ತರ ಅದರ ಎರಡರಷ್ಟು ಸರಿಯುತ್ತದೆ. ಹಾಗಾದರೆ...

"ನೀವು ಎಷ್ಟರ ಸಣ್ಣದು ಕೇಳ್ರಿ, ಅದರ ಅರ್ಧ!" ಎಂದು ಕೂಗಿಯೇಬಿಟ್ಟೆ. ಅಬ್ಬಾ, ಆ ಖುಷಿಯನ್ನು ಏನೆಂದು ಹೇಳಲಿ! ಮುಗಿಯದ ಜಗಳವೊಂದು ಒಂದೇ ಮಾತಿಗೆ ಮುಗಿದುಹೋಗಿತ್ತು. ಆಮೇಲೆ ಅನುಮಾನ ಬಂತು. "ಸೊನ್ನೀನ ಕೇಳಿದ್ರ ಏನ್ ಮಾಡೂದ್ರಿ?"

"ಕೇಳಂಗಿಲ್ಲ. ಎಪ್ಸಿಲಾನ್ ಸೊನ್ನಿಗಿಂತ ದೊಡ್ಡದಿರಬೇಕು. ಎಷ್ಟು ಬಿಗಿ ಹಿಡದ್ರೂ ಕೂದಲೆಳಿಯಷ್ಟರ ಜಾಗ ಬಿಡಬೇಕು. ಕೇಳೋರಿಗೂ ಒಂದು ಧರ್ಮ ಐತಿ, ತಂಗಿ."

ಹೊರಗೆ ಬಂದಾಗಲೇ ಹೊತ್ತಿನ ಎಚ್ಚರವಾದದ್ದು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅಂಗಳಕ್ಕೆ ಕಾಲಿಟ್ಟಾಗ ನೆರಳು ಗೆರೆ ದಾಟಿ ಬಹಳ ಮುಂದೆ ಹೋಗಿತ್ತು. ಮಾವ ಎದ್ದು ಬಂದರು. ಹಳೆಯ ಗೆರೆಯನ್ನು ಕಾಲಿನಿಂದ ಉಜ್ಜಿ ಅಳಿಸಿ, ಬಗ್ಗಿ ಕಂಬದ ಬುಡಕ್ಕೇ ಹೊಸ ಗೆರೆ ಎಳೆದರು.

"ನಾಳಿಂದ ಇದು. ತಿಳೀತಿಲ್ಲ?"

ತಿಳಿಯದೆ ಏನು? ಕಂಬದ ಬುಡವನ್ನು ನೆರಳು ಸದಾ ಮುಟ್ಟಿಕೊಂಡೇ ಇರುತ್ತದೆ; ಹೊಸ್ತಿಲೇ ದಾಟಬೇಡ ಎಂದಂತೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಸರ್ರನೆ ಬಂದರು. ಗಂಡನೆದುರು ಅವರು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಆಕಿ ಮ್ಯಾಲ ಯಾಕ ಸಿಟ್ಟಾಗ್ತೀರಿ? ಹೊಟ್ಯಾಗ ಒಂದು ತುತ್ತಿಲ್ಲ, ಅದಕ್ಕ ಈ ಸಿಟ್ಟು! ಕೇಳಿಲ್ಲಿ ಮಗಳs, ನೀ ಕಾಲೇಜಿಗೆ ಹೋದ್ರ ಸಾಕು, ಇವರು ತಲಬಾಗಿಲಾ ಬಿಟ್ಟು ಅಲುಗಾಡೂದಿಲ್ಲ. ನೀ ಬರೂತನಾ ಊಟ ಇಲ್ಲ, ನಿದ್ದಿ ಇಲ್ಲ."

ದಿನವೂ ಮಾವ ನನ್ನ ಜೊತೆಗೇ ಉಣ್ಣುತ್ತಿದ್ದರು. ಅದು ಅವರ ಅಭ್ಯಾಸವೆಂದುಕೊಂಡಿದ್ದೆ. ಆ ಗೆರೆ ನನ್ನ ಮೇಲಿನ ಅಪನಂಬಿಕೆಯ ಅಳತೆಯಾಗಿರಲಿಲ್ಲ. ಅಂಜಿದ ಜೀವವೊಂದು ಎಷ್ಟು ಹೊತ್ತು ತಡೆದುಕೊಂಡೀತು ಎಂಬುದರ ಅಳತೆಯಾಗಿತ್ತು.

"ಮಾಮಾ," ಎಂದೆ. "ಎಷ್ಟು ಬಿಗಿ ಬೇಕಾದ್ರೂ ಹಿಡೀರಿ. ಅದಕ್ಕ ತಕ್ಕಂಗ ನಾ ಹೊರಟು ಬರ್ತೀನಿ. ಆದ್ರ ಸೊನ್ನಿ ಕೇಳಬ್ಯಾಡ್ರಿ. ಏನರ ಒಂದೀಟು ಜಾಗ ಬಿಡ್ರಿ."

"ಎಷ್ಟು ಬಿಡಬೇಕು? ನೀನs ಹೇಳಿಬಿಡು." ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

ಹಿಂದಿನ ದಿನದವಳಾಗಿದ್ದರೆ ಒಂದು ಗೇಣು ಸಾಕು ಎಂದುಬಿಡುತ್ತಿದ್ದೆ. "ನಾ ಹೇಳಂಗಿಲ್ಲ, ಮಾಮಾ. ಮೊದಲ ನೀವು ಹೇಳಬೇಕು. ನಿಮ್ಮ ಜೀವ ಎಷ್ಟು ಹೊತ್ತು ತಡೀತೈತಿ?"

ಮಾವ ನನ್ನ ಮುಖವನ್ನೇ ನೋಡಿದರು. "ಇದನ್ನ ನನಗ ಯಾರೂ ಕೇಳಿದ್ದಿಲ್ಲ ನೋಡವ್ವ" ಎಂದು ಗೊಣಗಿ ಮೂಡಣ ಗೋಡೆಯ ಕಡೆಗೆ ನಡೆದರು. ಒಂದು ಕಡೆ ನಿಂತರು, ತಲೆಯಾಡಿಸಿ ಇನ್ನೂ ಮುಂದೆ ಹೋದರು. ಗೋಡೆಗೆ ಸ್ವಲ್ಪ ಈಚೆಗೆ ಗೆರೆ ಎಳೆದು, "ಇಲ್ಲೀತನಾ ತಡಕೋತೀನಿ" ಎಂದರು.

"ಉಂಡು ತಡಕೋಬೇಕು," ಎಂದರು ಅತ್ತೆ.

ಮರುದಿನ ಬಾಯಾರ ಹತ್ತಿರ ಇನ್ನೂ ನಾಲ್ಕು ಲೆಕ್ಕ ಹೇಳಿಸಿಕೊಂಡು, ಹೊತ್ತಿಗೆ ಸರಿಯಾಗಿ ಹೊರಟು ಬಂದೆ. ತಲಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಇಣುಕಿದರೆ ಪಡಸಾಲೆಯಲ್ಲಿ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡವೆಂದು ಸನ್ನೆ ಮಾಡಿದರು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಅವರನ್ನು ದಾಟಿ ಒಳಗೆ ಹೋದೆ.