ಬ್ಯಾಲಿನ್‌ಕಾರಕ್ಕೆ ಹನ್ನೆರಡು ಪ್ರಶ್ನೆ

ನನ್ನ ಹೆಂಡತಿ ಫ್ರೀಡಾ ದೋಹಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಐರ್ಲೆಂಡಿನ ಬ್ಯಾಲಿನ್‌ಕಾರ ಎಂಬ ಹಳ್ಳಿಯ ವೃದ್ಧಾಶ್ರಮದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವತ್ತು ದೋಹಾದ ಬಿನ್ ಒಮ್ರಾನಿನ ನಮ್ಮ ಫ್ಲಾಟಿಗೆ ಕೇಕ್ ತಂದಳು. ನಾನೂ ತಿಂದೆ, ಆದರೆ ಖುಷಿಯಾಗಲಿಲ್ಲ.

ನಾನು ದೋಹಾದಲ್ಲೇ, ಮುಶೈರಿಬ್‌ನ ಆಫೀಸೊಂದರಲ್ಲಿ ಹದಿನಾಲ್ಕು ವರ್ಷದಿಂದ ಪರ್ಚೇಸ್ ಕ್ಲಾರ್ಕ್. ಅವಳು ಇಲ್ಲಿಗೆ ಬಂದದ್ದು ನನ್ನ ವೀಸಾದಲ್ಲಿ. ಈಗ ನಾನು ಅವಳ ಸೆರಗು ಹಿಡಿದು ಹೋಗಿ, ಅವಳ ಸಂಬಳದಲ್ಲಿ ಕೂತು ತಿನ್ನಬೇಕೆ? ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ ಹಳ್ಳಿಯ ಮೇಲೆ ಗೂಬೆ ಕೂರಿಸಿದೆ.

"ಅಲ್ಲಿ ಎಂತ ಉಂಟು ಅಂತ ಮೊದಲು ಕೇಳುವ," ಎಂದೆ. ಸಪ್ಲೈಯರ್‌ಗಳನ್ನು ಸತಾಯಿಸಿ ಪಳಗಿದ ಕೈ ನನ್ನದು. ಹನ್ನೆರಡು ಪ್ರಶ್ನೆ ಬರೆದು, ವಾರದೊಳಗೆ ಉತ್ತರಿಸಿ ಎಂದು ಹಳ್ಳಿಯ ಸಮಿತಿಗೆ ಇಮೇಲ್ ಕಳಿಸಿದೆ. ಸೂಪರ್‌ಮಾರ್ಕೆಟ್ ಎಷ್ಟು? ಬಸ್ ಎಷ್ಟು ಹೊತ್ತಿಗೊಂದು? ಕುಚ್ಚಲಕ್ಕಿ ಸಿಗುತ್ತದೆಯೇ? 'ಇಲ್ಲ' ಎಂದು ಬರಲೆಂದೇ ಕೇಳಿದ್ದು.

ಆರನೇ ದಿನ ಉತ್ತರ ಬಂತು. ಇಬ್ಬರೂ ಕೂತು ಓದಿದೆವು. ಅಂಗಡಿ ನಡೆಸುವ ನೋರಾ ಎಂಬ ಹೆಂಗಸು ಬರೆದಿದ್ದಳು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನನ್ನ ಪ್ರಶ್ನೆಗಳನ್ನು ಎಲ್ಲರೆದುರು ಓದಿದರಂತೆ.

"ಅಂಗಡಿ ಒಂದೇ, ಅಂಚೆ ಕಚೇರಿಯೂ ಅದರಲ್ಲೇ. ಕುಚ್ಚಲಕ್ಕಿ ನಾವು ಕಂಡಿಲ್ಲ, ಫೋಟೊ ಕಳಿಸಿ, ತರಿಸುತ್ತೇವೆ. ಬಸ್ ಗುರುವಾರ ಮಾತ್ರ, ಸೋಮವಾರ ಪೇಟೆಗೆ ನನ್ನ ಕಾರಿದೆ. ಡಾಕ್ಟರು ಮಂಗಳವಾರ ಬರುತ್ತಾರೆ, ಉಳಿದ ದಿನ ಕಾಯಿಲೆ ಬೀಳದಿರಲು ನೋಡುತ್ತೇವೆ. ಪಬ್ಬು ಮಾತ್ರ ಎರಡಿವೆ, ಕ್ಷಮಿಸಿ."

ಫ್ರೀಡಾ ಬಿದ್ದು ಬಿದ್ದು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಕಿತಾಪತಿಗೆ ಒಂದಿಡೀ ಊರು ಕೂತು ಮರ್ಯಾದೆಯಿಂದ ಉತ್ತರ ಕೊಟ್ಟಿತ್ತು. ಆದರೂ ಹಟ ಬಿಡದೆ, "ನೋಡು, ಎಂತ ಸಹ ಇಲ್ಲ. ಖಲಾಸ್," ಎಂದೆ.

"ಕೆಳಗೆ ಇನ್ನೂ ಉಂಟು ಮಾರಾಯ್ರೆ, ಓದಿ."

ನೋರಾ ಮುಂದುವರಿಸಿದ್ದಳು: "ನಿಮಗೆ ಇಲ್ಲಿ ಕೆಲಸವಿದೆಯೇ ಎಂದು ಫ್ರೀಡಾ ಫೋನಿನಲ್ಲಿ ವಿಚಾರಿಸಿದ್ದಕ್ಕೆ ಉತ್ತರ: ನನ್ನ ಮಂಡಿ ಕೆಟ್ಟಿದೆ, ಅಂಚೆ ಕೌಂಟರಿಗೆ ಜನ ಬೇಕು. ನಿಮ್ಮಷ್ಟು ಅಚ್ಚುಕಟ್ಟಾಗಿ ಕಾಗದಪತ್ರ ನೋಡುವವರಿಲ್ಲವಂತೆ. ನೀವಾಗಿ ಕೇಳಲಾರಿರಿ ಎಂದೂ ಹೇಳಿದಳು. ಬರುತ್ತೀರಾ?"

ನಾನು ಫ್ರೀಡಾಳ ಕಡೆ ತಿರುಗಿದೆ. "ನನ್ನ ತಕರಾರು ಹಳ್ಳಿಯದ್ದಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಾಗದೆ ಎಂತ? ನೀವು ಬರದಿದ್ರೆ ನಾನೂ ಹೋಗುದಿಲ್ಲ," ಎಂದು ಅವಳು ಯೂನಿಫಾರ್ಮ್ ಇಸ್ತ್ರಿ ಮಾಡಲು ಎದ್ದುಹೋದಳು.

ನಾನು ನೋರಾಳಿಗೆ ಬರೆದೆ. ಮೊದಲು ಕ್ಷಮೆ ಕೇಳಿದೆ, ಆಮೇಲೆ ಕೆಲಸಕ್ಕೆ ಯಾವತ್ತು ಬರಲಿ ಎಂದು ಕೇಳಿದೆ. ಕಾಣದ ಊರಿನವಳ ಕ್ಷಮೆ ಕೇಳುವುದು ಸುಲಭವಾಯಿತು. ಪಕ್ಕದ ಕೋಣೆಯಲ್ಲಿದ್ದ ಫ್ರೀಡಾಳ ಕ್ಷಮೆ ಕೇಳಲು ಇವತ್ತಿಗೂ ಬಾಯಿ ಬಂದಿಲ್ಲ.